ಡ್ರಮ್ಮಿನಲ್ಲಿ ಬೆಳೆಸಿದ ಸೂಡೊಮೊನಾಸ್ ಹೊಲದಲ್ಲಿ ಯಾಕೆ ಕೆಲಸ ಮಾಡಲಿಲ್ಲ?

ಪ್ರಶ್ನೆ: ನಾವು ಬಸವನ ಬಾಗೇವಾಡಿ ತಾಲೂಕಿನವರು. ಎರೆ ಹೊಲ. ಹಿಂಗಾರಿಗೆ ಆರು ಎಕರೆ ಕಡಲೆ ಹಾಕುತ್ತೇವೆ. ಗಿಡ ಸೊರಗಿ ಒಣಗುವ ಸಿಡಿ ರೋಗದ ಕಾಟ ಇದೆ. ಎರಡು ವರ್ಷದ ಹಿಂದೆ ಸೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾದ ಪುಡಿ ತಂದು ಬೀಜೋಪಚಾರ ಮಾಡಿದೆವು. ಚಲೋ ಫಲ ಸಿಕ್ಕಿತು. ಹೋದ ವರ್ಷ ದುಡ್ಡು ಉಳಿಸೋಣ ಅಂತ ಒಂದೇ ಕೆ.ಜಿ. ಪುಡಿ ತಂದು, 200 ಲೀಟರ್ ಡ್ರಮ್ಮಿನಲ್ಲಿ ಬೆಲ್ಲ, ಕಡಲೆ ಹಿಟ್ಟು ಕಲಸಿ ಬೆಳೆಸಿದೆ. ಅದರಿಂದ ಮತ್ತೊಂದು ಡ್ರಮ್ಮು, ಅದರಿಂದ ಮತ್ತೊಂದು. ಬೀಜಕ್ಕೂ ಹಚ್ಚಿದೆ, ಹೊಲಕ್ಕೂ ಸುರಿದೆ. ಆದರೂ ಗಿಡ ಸಿಡಿ ಹಾಯ್ದವು. ಕೃಷಿ ಬಿ.ಎಸ್ಸಿ. ಓದುತ್ತಿರುವ ಮಗಳು, ‘ಅಪ್ಪಾ, ಬ್ಯಾಕ್ಟೀರಿಯಾ ಇದ್ದರೂ ಅದರ ಜೀನ್ ಸ್ವಿಚ್ ಆಫ್ ಆಗಿರಬಹುದು’ ಅನ್ನುತ್ತಾಳೆ. ಜೀನಿಗೂ ಸ್ವಿಚ್ ಇರುತ್ತದಾ? ಇದ್ದರೆ ಆನ್ ಮಾಡೋದು ಹೇಗೆ?

ಉತ್ತರ: ಜೀನಿಗೂ ಸ್ವಿಚ್ ಇರುತ್ತದೆ. ಮಗಳು ಹೇಳಿದ್ದು ಸರಿಯಾಗಿಯೇ ಇದೆ. ಆದರೆ ಸ್ವಿಚ್ ಬರೀ ಆಫ್ ಆಗಿದ್ದರೆ ಹೊಲದಲ್ಲಿ ಮತ್ತೆ ಆನ್ ಆಗಬಹುದಿತ್ತು. ನಿಮ್ಮ ಪತ್ರದಲ್ಲಿ ನನಗೆ ಚುಚ್ಚಿದ್ದು ಬೇರೆ ಮಾತು: ‘ಅದರಿಂದ ಮತ್ತೊಂದು ಡ್ರಮ್ಮು, ಅದರಿಂದ ಮತ್ತೊಂದು.’ ಹಾಗೆ ಬೆಳೆಸುತ್ತ ಹೋದರೆ ಸ್ವಿಚ್ಚೇ ಕೆಟ್ಟುಹೋದ ಬ್ಯಾಕ್ಟೀರಿಯಾಗಳು ಹೆಚ್ಚಿಕೊಳ್ಳುತ್ತವೆ. ಎಣಿಸಿದರೆ ಲೆಕ್ಕಕ್ಕೆ ಸಿಗುತ್ತವೆ. ಕೆಲಸಕ್ಕೆ ಸಿಗುವುದಿಲ್ಲ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಪ್ಯಾಕೆಟ್ಟಿನಲ್ಲಿರುವುದು ಔಷಧಿ ಅಲ್ಲ, ಔಷಧಿ ಮಾಡಬಲ್ಲ ಜೀವ. ಬೇರಿನಿಂದ ಸಕ್ಕರೆ, ಆಮ್ಲಗಳು ಒಸರುತ್ತಲೇ ಇರುತ್ತವೆ. ಸೂಡೊಮೊನಾಸ್ ಅದನ್ನು ತಿಂದುಕೊಂಡು ಬೇರಿನ ಮೇಲೆ ಮನೆ ಮಾಡುತ್ತದೆ. ಅದೇ ಊಟಕ್ಕೆ ಬರುವ ಶಿಲೀಂಧ್ರಗಳನ್ನು ದೂರ ಇಡಲು ವಿಷ ತಯಾರಿಸುತ್ತದೆ. ಟೆಕ್ಸಾಸ್‌ನಲ್ಲಿ ಹತ್ತಿಯ ಬೇರಿನಿಂದ ಹೆಕ್ಕಿ ತೆಗೆದ ಪಿಎಫ್-5 ಎಂಬ ತಳಿಯ ಮೇಲೆ ಹೊವೆಲ್ ಮತ್ತು ಸ್ಟಿಪನೊವಿಕ್ ಎಂಬ ವಿಜ್ಞಾನಿಗಳು 1979 ಮತ್ತು 1980ರಲ್ಲಿ ಪ್ರಕಟಿಸಿದ ಕೆಲಸ ಈಗಲೂ ಪಾಠದಲ್ಲಿ ಬರುತ್ತದೆ. ಒಂದೇ ಬ್ಯಾಕ್ಟೀರಿಯಾ, ಎರಡು ವಿಷ. ಪೈರೊಲ್‌ನೈಟ್ರಿನ್ ಎಂಬುದು ರೈಜೊಕ್ಟೋನಿಯಾ ಎಂಬ ಶಿಲೀಂಧ್ರವನ್ನು ತಡೆಯಿತು, ಪಯೊಲುಟಿಯೊರಿನ್ ಎಂಬುದು ಪಿಥಿಯಂ ಎಂಬ ಇನ್ನೊಂದು ರೋಗಕಾರಕವನ್ನು ತಡೆಯಿತು. ಸ್ವಿಟ್ಜರ್ಲೆಂಡಿನ ಮೊರೆನ್ಸ್ ಹತ್ತಿರ ತಂಬಾಕಿಗೆ ಬೇರು ಕೊಳೆ ಬಾರದ ಒಂದು ಮಣ್ಣಿತ್ತು. ಅಲ್ಲಿಂದ ತೆಗೆದ ಸಿಎಚ್‌ಎ0 ಎಂಬ ತಳಿ ಈ ಎರಡರ ಜೊತೆಗೆ ಡಿಎಪಿಜಿ ಎಂಬ ಮೂರನೆಯದನ್ನೂ, ಹೈಡ್ರೊಜನ್ ಸಯನೈಡನ್ನೂ ಮಾಡುತ್ತದೆ. ಜೀನಿನ ಸ್ವಿಚ್ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹಳಷ್ಟು ಈ ಸಿಎಚ್‌ಎ0 ಕಲಿಸಿದ್ದು. ನಮ್ಮ ಅಂಗಡಿಗಳಲ್ಲಿ ಸಿಗುವ ಎಲ್ಲ ತಳಿಗಳೂ ಇವೆಲ್ಲವನ್ನೂ ಮಾಡುತ್ತವೆ ಅಂತಲ್ಲ. ಒಂದೊಂದರ ಕೈಯಲ್ಲಿ ಒಂದೊಂದು ಆಯುಧ. ಆದರೆ ಮುಖ್ಯ ಸ್ವಿಚ್ ಮಾತ್ರ ಈ ಬಳಗಕ್ಕೆಲ್ಲ ಒಂದೇ.

ವಿಷ ಮಾಡುವುದು ಪುಕ್ಕಟೆ ಅಲ್ಲ. ಬೆಳೆಯಲು ಬೇಕಾದ ಇಂಗಾಲ, ಶಕ್ತಿಯನ್ನೇ ಅದಕ್ಕೆ ಸುರಿಯಬೇಕು. ಹತ್ತೇ ಜೀವಕೋಶ ಇದ್ದಾಗ ಮಾಡಿದ ವಿಷ ಮಣ್ಣಿನ ನೀರಲ್ಲಿ ಕರಗಿ ಎತ್ತಲೋ ಹೋಗುತ್ತದೆ. ಹಾಗಾಗಿ ಒಬ್ಬಂಟಿ ಬ್ಯಾಕ್ಟೀರಿಯಾ ಮೊದಲು ಸಂಸಾರ ಬೆಳೆಸುತ್ತದೆ. ಗುಂಪು ದೊಡ್ಡದಾದ ಮೇಲೆಯೇ ಆಯುಧಕ್ಕೆ ಕೈ ಹಾಕುತ್ತದೆ. ಪ್ರತಿಯೊಂದೂ ಒಂದು ಸಂಕೇತ ವಸ್ತುವನ್ನು ಹೊರಗೆ ಬಿಡುತ್ತಿರುತ್ತದೆ. ಗುಂಪು ಬೆಳೆದಂತೆ ಅದು ಸುತ್ತ ಜಮೆಯಾಗುತ್ತದೆ. ಜಮೆಯಾದದ್ದೇ ಹಾಜರಿ ಪುಸ್ತಕ. ಅಮೆರಿಕದ ಗೋಧಿ ಹೊಲಗಳಲ್ಲಿ ನೋಡಿದಾಗ, ಡಿಎಪಿಜಿ ಮಾಡುವ ಸೂಡೊಮೊನಾಸ್ ಪ್ರತಿ ಗ್ರಾಂ ಬೇರಿಗೆ ಸುಮಾರು ಒಂದು ಲಕ್ಷ ಇದ್ದರೆ ಮಾತ್ರ ಬೇರಿನ ರೋಗ ತಗ್ಗುತ್ತಿತ್ತು. ಅದಕ್ಕಿಂತ ಕಡಿಮೆ ಇದ್ದಲ್ಲಿ ಇದ್ದೂ ಇಲ್ಲದಂತೆ.

ಈಗ ಸ್ವಿಚ್ಚಿಗೆ ಬರೋಣ. ಜೀವಕೋಶದ ಒಳಪೊರೆಯಲ್ಲಿ ಗ್ಯಾಕ್-ಎಸ್ ಎಂಬ ಪ್ರೋಟೀನು ಕೂತಿರುತ್ತದೆ. ಅದರ ಕಿವಿ ಹೊರಗೆ, ಕೈ ಒಳಗೆ. ಹೊರಗೆ ಸಂಕೇತ ಸಾಕಷ್ಟು ಜಮೆಯಾಯಿತು ಅಂದಾಗ ಒಳಗಿರುವ ಗ್ಯಾಕ್-ಎ ಎಂಬ ಇನ್ನೊಂದು ಪ್ರೋಟೀನಿಗೆ ಒಂದು ಫಾಸ್ಫೇಟ್ ತುಣುಕು ಅಂಟಿಸುತ್ತದೆ. ಎಚ್ಚರಗೊಂಡ ಗ್ಯಾಕ್-ಎ ನೇರವಾಗಿ ವಿಷದ ಜೀನಿಗೆ ಹೋಗಿ ‘ಶುರು ಮಾಡು’ ಅನ್ನುತ್ತದೆ ಅಂತ ನೀವು ಊಹಿಸಬಹುದು. ಹಾಗಲ್ಲ, ಮಧ್ಯೆ ಒಂದು ತಮಾಷೆ ಇದೆ.

ನಮ್ಮ ಮದುವೆ ಮನೆ ನೆನೆಸಿಕೊಳ್ಳಿ. ಹಿಂದಿನ ಹಿತ್ತಲಲ್ಲಿ ಒಲೆ ಉರಿಯುತ್ತಿದೆ. ಹುಗ್ಗಿಗೆ ಎಷ್ಟು ಗೋಧಿ, ಎಷ್ಟು ಬೆಲ್ಲ ಅಂತ ಬರೆದ ಚೀಟಿ ಅಡುಗೆಯವನ ಕೈಗೆ ಬರುತ್ತದೆ. ಆದರೆ ಒಲೆ ಪಕ್ಕ ಒಬ್ಬ ಹಿರಿಯರು ಕೂತಿದ್ದಾರೆ. ‘ಇನ್ನೂ ಬೀಗರು ಬಂದಿಲ್ಲ, ಈಗಲೇ ಯಾಕೆ?’ ಅಂತ ಬಂದ ಚೀಟಿಯ ಮೊದಲ ಸಾಲಿನ ಮೇಲೆ ಅಂಗೈ ಇಟ್ಟುಬಿಡುತ್ತಾರೆ. ಅಡುಗೆಯವನಿಗೆ ಓದಲಾಗುವುದಿಲ್ಲ. ಸೂಡೊಮೊನಾಸ್‌ನಲ್ಲಿ ಈ ಹಿರಿಯರ ಹೆಸರು ಆರ್‌ಎಸ್‌ಎಂ-ಎ ಮತ್ತು ಆರ್‌ಎಸ್‌ಎಂ-ಇ. ವಿಷದ ಜೀನಿನ ನಕಲು ಚೀಟಿ, ಅಂದರೆ ಸಂದೇಶ ಆರ್‌ಎನ್‌ಎ, ಹೊರಟರೂ ಅದರ ಮೊದಲ ಭಾಗಕ್ಕೆ ಇವು ಅಂಟಿಕೊಂಡು ಪ್ರೋಟೀನು ಆಗದಂತೆ ತಡೆಯುತ್ತವೆ. ಇವಕ್ಕೆ ಒಂದು ಚಟ ಇದೆ. ಆರ್‌ಎನ್‌ಎ ಮೇಲೆ ಜಿ-ಜಿ-ಎ ಎಂಬ ಮೂರಕ್ಷರ ಎಲ್ಲಿ ಕಂಡರೂ ಅಲ್ಲಿ ಕೂರುತ್ತವೆ.

ಗ್ಯಾಕ್-ಎ ಮಾಡುವುದು ಇಷ್ಟೇ: ಹಿರಿಯರ ಮುಂದೆ ಎಲೆ ಅಡಿಕೆ ತಟ್ಟೆ ಇಡಿಸುತ್ತದೆ. ಆರ್‌ಎಸ್‌ಎಂ-ಎಕ್ಸ್, ವೈ, ಝಡ್ ಎಂಬ ಮೂರು ಪುಟ್ಟ ಆರ್‌ಎನ್‌ಎಗಳನ್ನು ರಾಶಿಗಟ್ಟಲೆ ಮಾಡಿಸುತ್ತದೆ. ಇವುಗಳಿಂದ ಯಾವ ಪ್ರೋಟೀನೂ ಆಗುವುದಿಲ್ಲ. ಮೈತುಂಬ ಜಿ-ಜಿ-ಎ ಇರುವ ಆಮಿಷಗಳು ಇವು. ಹಿರಿಯರು ಚೀಟಿ ಬಿಟ್ಟು ತಟ್ಟೆಗೆ ಕೈ ಹಾಕುತ್ತಾರೆ. ಚೀಟಿ ಓದಲು ಸಿಗುತ್ತದೆ, ಒಲೆ ಮೇಲೆ ಪಾತ್ರೆ ಏರುತ್ತದೆ. ಲೌಸಾನ್‌ನ ಡೀಟರ್ ಹಾಸ್ ಅವರ ಗುಂಪು ಈ ಮೂರೂ ಪುಟ್ಟ ಆರ್‌ಎನ್‌ಎಗಳನ್ನು ಸಿಎಚ್‌ಎ0ಯಿಂದ ತೆಗೆದುಹಾಕಿ ನೋಡಿತು. ಗಿಡ ಕಾಯುವ ಶಕ್ತಿಯೇ ಹೋಯಿತು. 2005ರ ಕೆಲಸ ಅದು. ಯಾಕೆ ಇಷ್ಟು ಸುತ್ತುಬಳಸು ಅಂತ ವಿದ್ಯಾರ್ಥಿಗಳು ಕೇಳುತ್ತಾರೆ. ಚೀಟಿಗಳು ಮೊದಲೇ ತಯಾರಿರುತ್ತವಲ್ಲ. ಕೈ ಎತ್ತಿದ ತಕ್ಷಣ ಅಡುಗೆ ಶುರು. ಅಷ್ಟೇ ಅಲ್ಲ, ಒಂದೇ ತಟ್ಟೆ ಇಟ್ಟರೆ ಡಿಎಪಿಜಿ, ಪಯೊಲುಟಿಯೊರಿನ್, ಸಯನೈಡ್ ಎಲ್ಲಕ್ಕೂ ಒಟ್ಟಿಗೆ ದಾರಿಯಾಗುತ್ತದೆ.

ಇದು ಮನೆಯ ಮೇನ್ ಸ್ವಿಚ್ ಆಯಿತು. ಕೋಣೆಕೋಣೆಗೂ ಬೇರೆ ಗುಂಡಿ ಇದೆ. ಡಿಎಪಿಜಿಯ ಜೀನುಗಳ ಬಾಗಿಲಲ್ಲಿ ಪಿಎಚ್‌ಎಲ್-ಎಫ್ ಎಂಬ ಪ್ರೋಟೀನು ಬೀಗ ಹಾಕಿ ನಿಂತಿರುತ್ತದೆ. ಡಿಎಪಿಜಿ ಸ್ವಲ್ಪ ತಯಾರಾಗಿ ಬಂದು ತಗುಲಿದರೆ ಬೀಗ ಸಡಿಲ. ಇನ್ನಷ್ಟು ತಯಾರಾಗುತ್ತದೆ, ಇನ್ನಷ್ಟು ಸಡಿಲ. ಪಕ್ಕದ ಗಿಡದ ಬೇರಿನ ಮೇಲಿರುವ ಬೇರೆ ಸೂಡೊಮೊನಾಸ್ ಬಿಟ್ಟ ಡಿಎಪಿಜಿ ತಾಗಿದರೂ ಬೀಗ ತೆಗೆಯುತ್ತದೆ. ಒಂದು ಮನೆಯ ನಾಯಿ ಬೊಗಳಿದರೆ ಓಣಿಯ ನಾಯಿಗಳೆಲ್ಲ ಬೊಗಳುವುದಿಲ್ಲವೇ, ಹಾಗೆ.

ಇಲ್ಲೇ ನಿಮ್ಮ ಸಿಡಿ ರೋಗದ ಬಳಗ ಒಂದು ಆಟ ಆಡುತ್ತದೆ. ಕಡಲೆಯ ಸೊರಗು ರೋಗ, ನಮ್ಮ ಕಡೆಯ ಬಾಯಲ್ಲಿ ಸಿಡಿ, ಬರುವುದು ಫ್ಯುಸೇರಿಯಂ ಆಕ್ಸಿಸ್ಪೋರಂ ಎಂಬ ಶಿಲೀಂಧ್ರದಿಂದ. ಫ್ಯುಸೇರಿಯಂ ಜಾತಿಯ ಹಲವು ಶಿಲೀಂಧ್ರಗಳು ಫ್ಯುಸಾರಿಕ್ ಆಮ್ಲ ಬಿಡುತ್ತವೆ. ಆ ಆಮ್ಲ ಗಿಡಕ್ಕೆ ವಿಷ. ಸೂಡೊಮೊನಾಸ್‌ಗೆ ಮಾಡುವುದು ಬೇರೆ. ಪಿಎಚ್‌ಎಲ್-ಎಫ್ ಬೀಗವನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಬ್ಯಾಕ್ಟೀರಿಯಾ ಸಾಯುವುದಿಲ್ಲ, ಡಿಎಪಿಜಿ ಮಾತ್ರ ತಗ್ಗುತ್ತದೆ. ಜೂರಿಕ್‌ನ ಡಫಿ ಮತ್ತು ಡಿಫಾಗೊ 1997ರಲ್ಲಿ ಟೊಮ್ಯಾಟೊ ಮೇಲೆ ಇನ್ನೊಂದು ಸೋಜಿಗ ತೋರಿಸಿದರು. ಸತು ಸೇರಿಸಿದಾಗ ಶಿಲೀಂಧ್ರ ಆ ಆಮ್ಲ ಮಾಡುವುದನ್ನೇ ಕಡಿಮೆ ಮಾಡಿತು, ಸೂಡೊಮೊನಾಸ್‌ನ ಕೆಲಸ ಸುಧಾರಿಸಿತು. ನಮ್ಮ ಉತ್ತರ ಕರ್ನಾಟಕದ ಎರೆ ಮಣ್ಣುಗಳಲ್ಲಿ ಸತುವಿನ ಕೊರತೆ ಸಾಮಾನ್ಯ. ಹಾಗಂತ ನಾಳೆಯೇ ಝಿಂಕ್ ಸಲ್ಫೇಟ್ ಚೀಲ ತಂದು ಸುರಿಯಬೇಡಿ. ಆ ಪ್ರಯೋಗ ನಡೆದದ್ದು ಮಣ್ಣಿಲ್ಲದ ಬೇಸಾಯದಲ್ಲಿ. ನಿಮ್ಮದು ಸುಣ್ಣ ತುಂಬಿದ ಎರೆ. ಮಣ್ಣು ಪರೀಕ್ಷೆಯಲ್ಲಿ ಕೊರತೆ ಇದೆ ಅಂತ ಬಂದರೆ ಕಡಲೆಗಾಗಿಯೇ ಹಾಕಿ.

ಇಷ್ಟು ಹೊತ್ತು ಹೇಳಿದ್ದು ಸ್ವಿಚ್ ಆನ್-ಆಫ್ ಕತೆ. ಇನ್ನು ಡ್ರಮ್ಮಿನ ಕತೆ.

ಗ್ಯಾಕ್-ಎಸ್ ಅಥವಾ ಗ್ಯಾಕ್-ಎ, ಎರಡರಲ್ಲಿ ಒಂದು ಜೀನಿನಲ್ಲಿ ಒಂದೇ ಅಕ್ಷರ ತಪ್ಪಿದರೂ ಸಾಕು, ಎಲ್ಲ ವಿಷಗಳೂ ಒಟ್ಟಿಗೆ ನಿಂತುಹೋಗಬಹುದು. ಅಂಥ ತಪ್ಪು ತನ್ನಷ್ಟಕ್ಕೆ ಆಗುತ್ತಲೇ ಇರುತ್ತದೆ. ಈ ಕೆಟ್ಟ ಸ್ವಿಚ್ಚಿನವನ್ನು ನಾನು ಸೋಮಾರಿಗಳು ಅನ್ನುತ್ತೇನೆ. ವಿಷಕ್ಕೆ ಖರ್ಚು ಮಾಡುವುದಿಲ್ಲ, ಉಳಿದದ್ದನ್ನೆಲ್ಲ ಮೈಗೆ ಹಾಕಿಕೊಳ್ಳುತ್ತವೆ. ಊಟ ಸಮೃದ್ಧಿಯಾಗಿರುವ ಕಡೆ, ಶತ್ರು ಇಲ್ಲದ ಕಡೆ, ಗೆಲ್ಲುವವರು ಇವರೇ ತಾನೆ? ಅದೇ ಡಫಿ ಮತ್ತು ಡಿಫಾಗೊ 2000ದಲ್ಲಿ ಪ್ರಕಟಿಸಿದ ಲೆಕ್ಕ ನೋಡಿ. ಸಿಎಚ್‌ಎ0ಯನ್ನು 192 ಪ್ರತ್ಯೇಕ ದ್ರವ ಮಾಧ್ಯಮಗಳಲ್ಲಿ ಬೆಳೆಸಿದರು. 192ರಲ್ಲೂ ಸೋಮಾರಿಗಳು ಕಾಣಿಸಿಕೊಂಡವು. 12 ದಿನಕ್ಕೆ ಸಾಮಾನ್ಯವಾಗಿ ಶೇ 1 ಅಥವಾ ಅದಕ್ಕಿಂತ ಜಾಸ್ತಿ. ಒಂದು ಪರ್ಸೆಂಟ್ ತಾನೆ ಅನ್ನಬೇಡಿ. ಕಾರ್ಖಾನೆಯಲ್ಲಿ ಮಾಡುವಂತೆ ಚಿಕ್ಕದರಿಂದ ದೊಡ್ಡದಕ್ಕೆ ವರ್ಗಾಯಿಸುತ್ತ ಹೋದಾಗ 20 ಮಿ.ಲೀ.ನಲ್ಲಿ ಶೇ 7, 100 ಮಿ.ಲೀ.ನಲ್ಲಿ ಶೇ 23, 500 ಮಿ.ಲೀ.ಗೆ ಬರುವಷ್ಟರಲ್ಲಿ ಶೇ 61. ಮೂರೇ ಹೆಜ್ಜೆ. ನಿಮ್ಮದೂ ಮೂರು ಡ್ರಮ್ಮು.

ಪ್ಯಾಕೆಟ್ಟಿನ ಮೇಲೆ ಗ್ರಾಮಿಗೆ ಇಷ್ಟು ಕೋಟಿ ಬ್ಯಾಕ್ಟೀರಿಯಾ ಅಂತ ಅಚ್ಚು ಹಾಕಿರುತ್ತಾರಲ್ಲ, ಆ ಎಣಿಕೆಯಲ್ಲಿ ಸೋಮಾರಿಯೂ ಒಂದು, ದುಡಿಯುವವನೂ ಒಂದು.

ನನಗೆ ಇದು ಪುಸ್ತಕದಿಂದ ಗೊತ್ತಾದದ್ದಲ್ಲ. ಎಂ.ಎಸ್ಸಿ. ಮಾಡುವಾಗ ತೊಗರಿ ಹೊಲದಿಂದ ತೆಗೆದ ಒಂದು ಸೂಡೊಮೊನಾಸ್ ನನ್ನ ಹತ್ತಿರ ಇತ್ತು. ಲ್ಯಾಬಿನ ಗಾಜಿನ ತಟ್ಟೆಯ ಒಂದು ಕಡೆ ಅದನ್ನು ಗೆರೆ ಎಳೆದು, ಇನ್ನೊಂದು ಕಡೆ ಫ್ಯುಸೇರಿಯಂ ತುಣುಕು ಇಟ್ಟರೆ, ಬಿಳಿ ಅರಳೆಯಂತೆ ಹಬ್ಬುತ್ತ ಬಂದ ಬೂಜು ಗೆರೆಯಿಂದ ಒಂದು ಬೆರಳಗಲ ದೂರದಲ್ಲಿ ಗಕ್ಕನೆ ನಿಲ್ಲುತ್ತಿತ್ತು. ನೋಡಲು ಬಹಳ ಖುಷಿ. ಫ್ರೀಜರಿನ ಮೂಲ ಶೀಸೆ ಯಾಕೆ ಕರಗಿಸಬೇಕು ಅಂತ ಸೋಮಾರಿತನದಿಂದ (ಹೌದು, ನನ್ನದೇ) ವಾರಕ್ಕೊಮ್ಮೆ ಹಳೆಯದರಿಂದ ಹೊಸ ಪೌಷ್ಟಿಕ ಮಾಧ್ಯಮಕ್ಕೆ ಹಚ್ಚಿಕೊಳ್ಳುತ್ತ ಹೋದೆ. ನಾಲ್ಕು ತಿಂಗಳಿಗೆ ಆ ಖಾಲಿ ಜಾಗ ಕಿರಿದಾಯಿತು. ಆಮೇಲೆ ಒಂದು ಸೋಮವಾರ ಬಂದು ನೋಡಿದರೆ ಬೂಜು ಗೆರೆಯನ್ನು ದಾಟಿ ಆಚೆ ಗೋಡೆ ಮುಟ್ಟಿತ್ತು. ಶಿಲೀಂಧ್ರ ಬಲವಾಯಿತೇನೋ ಅಂತ ಹೊಸ ಶಿಲೀಂಧ್ರ ತಂದೆ. ಅದೇ ಕತೆ. ಕೊನೆಗೆ ಮಾರ್ಗದರ್ಶಕರು ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ‘ಈ ದೊಡ್ಡ ದೊಡ್ಡವು ಯಾವಾಗಿಂದ ಬಂದವು?’ ಅಂದರು. ಹೌದು, ಕಾಲನಿಗಳಲ್ಲಿ, ಅಂದರೆ ಒಂದೊಂದು ಬ್ಯಾಕ್ಟೀರಿಯಾದಿಂದ ಬೆಳೆದ ಚುಕ್ಕೆಗಳಲ್ಲಿ, ಎರಡು ಥರ ಇದ್ದವು. ಮೊದಲಿನವು ಚಿಕ್ಕವು, ಮಂಕು. ಈಗ ತುಂಬಿದ್ದವು ಅಗಲವಾಗಿ, ಕಿತ್ತಳೆ ಛಾಯೆಯಲ್ಲಿ. ಯುವಿ ದೀಪದ ಕೆಳಗೆ ಇನ್ನೂ ಜೋರಾಗಿ ಹೊಳೆಯುತ್ತಿದ್ದವು. ಫ್ರೀಜರಿನ ಶೀಸೆ ತೆಗೆದು ಮತ್ತೆ ಮಾಡಿದೆ. ಖಾಲಿ ಜಾಗ ವಾಪಸು ಬಂತು. ನಾಲ್ಕು ತಿಂಗಳು ಹೋದವು.

ಹಾಗಾದರೆ ಮಣ್ಣಿನಲ್ಲಿ ಲಕ್ಷಾಂತರ ವರ್ಷದಿಂದ ಇರುವ ಸೂಡೊಮೊನಾಸ್‌ಗಳೆಲ್ಲ ಯಾಕೆ ಸೋಮಾರಿಗಳಾಗಿಲ್ಲ? ಅಲ್ಲಿ ತಿನ್ನುವವರಿದ್ದಾರೆ. ಅಮೀಬಾದಂಥ ಏಕಕೋಶ ಜೀವಿಗಳು ಬ್ಯಾಕ್ಟೀರಿಯಾಗಳನ್ನು ನುಂಗುತ್ತ ತಿರುಗುತ್ತಿರುತ್ತವೆ. ವಿಷ ಇರುವುದನ್ನು ಬಿಟ್ಟು, ಸಪ್ಪೆ ಇರುವ ಸೋಮಾರಿಗಳನ್ನು ಆರಿಸಿ ತಿನ್ನುತ್ತವೆ. ಇದನ್ನೂ ಸಿಎಚ್‌ಎ0 ಮೇಲೆಯೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಹಾಗಾಗಿ ಹೊಲದಲ್ಲಿ ದುಡಿಯುವವನಿಗೂ ಬೆಲೆ ಇದೆ. ಬೆಲ್ಲದ ಡ್ರಮ್ಮಿನಲ್ಲಿ ಕಳೆ ಕೀಳುವವರು ಯಾರೂ ಇಲ್ಲ.

ಪ್ರಾಮಾಣಿಕವಾಗಿ ಹೇಳಬೇಕೆಂದರೆ, ನಿಮ್ಮ ಮೂರನೇ ಡ್ರಮ್ಮಿನಲ್ಲಿ ಸೂಡೊಮೊನಾಸ್ ಎಷ್ಟು ಉಳಿದಿತ್ತು ಅನ್ನುವುದೇ ನನ್ನ ಮೊದಲ ಅನುಮಾನ. ಈ ಬ್ಯಾಕ್ಟೀರಿಯಾಕ್ಕೆ ಗಾಳಿ ಬೇಕು. ಬೆಲ್ಲ, ಹಿಟ್ಟು ಕಲಸಿ ಮುಚ್ಚಿಟ್ಟ ನೀರಿನಲ್ಲಿ ಹಿಟ್ಟಿನ, ಗಾಳಿಯ, ಡ್ರಮ್ಮಿನ ಗೋಡೆಯ ನೂರು ಥರದ ಸೂಕ್ಷ್ಮಜೀವಿಗಳು ಹುಳಿ ಬರಿಸುತ್ತವೆ. ಇಡ್ಲಿ ಹಿಟ್ಟು ಉಬ್ಬುವುದು ಅದೇ ಜಾತಿಯವರಿಂದ. ವಾಸನೆ ಹುಳಿಯಾಗಿತ್ತಾ? ಮೇಲೆ ನೊರೆ ಬಂದಿತ್ತಾ? ಹಾಗಿದ್ದರೆ ನೀವು ಹೊಲಕ್ಕೆ ಸುರಿದದ್ದು ಬಹುತೇಕ ಹುಳಿ ನೀರು. ಉಳಿದ ಸೂಡೊಮೊನಾಸ್‌ನಲ್ಲಿ ಸೋಮಾರಿಗಳು ಎಷ್ಟೋ. ಎರಡೂ ಸೇರಿ ಹೀಗಾಗಿರಬೇಕು.

ಡ್ರಮ್ಮು ನೆರಳಲ್ಲಿತ್ತೋ ಬಿಸಿಲಲ್ಲಿತ್ತೋ ನೀವು ಬರೆದಿಲ್ಲ. ಶಾಖಕ್ಕೂ ಈ ಸ್ವಿಚ್ಚಿಗೂ ಸಂಬಂಧ ಇದೆ. ಸಿಎಚ್‌ಎ0 30 ಡಿಗ್ರಿಯಲ್ಲಿ ಮಾಡುವಷ್ಟು ವಿಷವನ್ನು 35 ಡಿಗ್ರಿಯಲ್ಲಿ ಮಾಡುವುದಿಲ್ಲ. ಬ್ಯಾಕ್ಟೀರಿಯಾ ಬೆಳೆಯುತ್ತಿರುತ್ತದೆ, ಆದರೆ ರೆಟ್-ಎಸ್ ಎಂಬ ಇನ್ನೊಂದು ಪ್ರೋಟೀನು ಗ್ಯಾಕ್-ಎಸ್‌ನ ಬಾಯಿ ಮುಚ್ಚಿಸುತ್ತದೆ. ಎಲೆ ಅಡಿಕೆ ತಟ್ಟೆ ಕಡಿಮೆಯಾಗುತ್ತದೆ, ಹಿರಿಯರು ಚೀಟಿ ಬಿಡುವುದಿಲ್ಲ. ಕಡಲೆ ಬಿತ್ತುವುದು ಅಕ್ಟೋಬರ್-ನವೆಂಬರಿನಲ್ಲಿ ಆದ್ದರಿಂದ ಹೊಲದಲ್ಲಿ ಇದು ದೊಡ್ಡ ತಲೆನೋವಲ್ಲ. ಆದರೆ ಪುಡಿಯ ಚೀಲವನ್ನು ಏಪ್ರಿಲ್‌ನಲ್ಲೇ ತಂದು ತಗಡಿನ ಶೆಡ್ಡಿನಲ್ಲಿ ಇಟ್ಟರೆ ವಿಜಯಪುರದ ಬಿಸಿಲಿಗೆ ಸ್ವಿಚ್ಚಿನ ಮಾತು ಬಿಡಿ, ಜೀವವೇ ಹೋಗುತ್ತದೆ. ಬ್ಯಾಸಿಲಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾಕ್ಕೆ ಬೀಜಾಣುವಿನ ಗಟ್ಟಿ ಕವಚ ಇದೆ, ಸೂಡೊಮೊನಾಸ್‌ಗೆ ಇಲ್ಲ. ಬಿತ್ತುವ ಮುಂದೆ ತನ್ನಿ, ತಯಾರಿಸಿದ ದಿನಾಂಕ ನೋಡಿ ತನ್ನಿ.

ಈಗ ನೀವು ಕೇಳಿದ ‘ಆನ್ ಮಾಡೋದು ಹೇಗೆ’. ಹೊರಗಿನಿಂದ ಒತ್ತುವ ಗುಂಡಿ ಇಲ್ಲ. ದುಡಿಯುವ ಬ್ಯಾಕ್ಟೀರಿಯಾ ಬೇರಿನ ಹತ್ತಿರ ಸಾಕಷ್ಟು ಸಂಖ್ಯೆಯಲ್ಲಿ ಕೂರುವಂತೆ ಮಾಡಿದರೆ ಅದೇ ಒತ್ತಿಕೊಳ್ಳುತ್ತದೆ. ಅದಕ್ಕೆ ಬೀಜೋಪಚಾರವೇ ಎಲ್ಲಕ್ಕಿಂತ ಅಗ್ಗ. ಬೇರು ಮೂಡುವ ಜಾಗದಲ್ಲೇ ಗುಂಪು ಕೂತಿರುತ್ತದೆ. ಆರು ಎಕರೆ ಮಣ್ಣಿಗೆಲ್ಲ ಸುರಿದರೆ ಚದುರಿಹೋಗಿ ಹಾಜರಿಯೇ ತುಂಬುವುದಿಲ್ಲ. ನಿಮಗೆ ಗೊತ್ತಿರಲಿ, ಟಾಲ್ಕ್ ಪುಡಿಯ ಸೂಡೊಮೊನಾಸ್ ಕಡಲೆಗೆ ಹೊಸದಲ್ಲ. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು 1995ರಲ್ಲಿ ಅದನ್ನು ಪ್ರಕಟಿಸಿದ್ದು ಕಡಲೆಯ ಸೊರಗು ರೋಗಕ್ಕೇ. ಕೆ.ಜಿ. ಬೀಜಕ್ಕೆ 10 ಗ್ರಾಂ ಪುಡಿ, ಅಂಟಲು ಸ್ವಲ್ಪ ಬೆಲ್ಲದ ನೀರು, ನೆರಳಲ್ಲಿ ಆರಿಸಿ ಅವತ್ತೇ ಬಿತ್ತಿ. ಪ್ರತಿ ವರ್ಷ ಹೊಸ ಪ್ಯಾಕೆಟ್. ಎಕರೆಗೆ ಬೇಕಾಗುವ ಬೀಜದ ಲೆಕ್ಕದಲ್ಲಿ ಆರು ಎಕರೆಗೂ ಎರಡು ಕೆ.ಜಿ. ಪುಡಿ ದಾಟುವುದಿಲ್ಲ. ಡ್ರಮ್ಮಿಗೆ ಹಾಕಿದ ಬೆಲ್ಲದ ದುಡ್ಡಿನಲ್ಲೇ ಬಂದಿರುತ್ತಿತ್ತು, ಅಲ್ವಾ? ಮಣ್ಣಿಗೂ ಕೊಡಬೇಕು ಅನ್ನಿಸಿದರೆ ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರಕ್ಕೆ ಪುಡಿ ಕಲಸಿ, ತೇವ ಮಾಡಿ, ನೆರಳಲ್ಲಿಟ್ಟು ಸಾಲಿಗೆ ಹಾಕಿ. ತಾಮ್ರದ ಔಷಧಿ, ಬ್ಯಾಕ್ಟೀರಿಯಾ ಕೊಲ್ಲುವ ಸ್ಟ್ರೆಪ್ಟೊಸೈಕ್ಲಿನ್ ಜೊತೆ ಮಾತ್ರ ಕಲಸಬೇಡಿ.

ಕಡಲೆ ತಳಿಯ ಮಾತೂ ಇದೆ. ಹಳೆಯ ಅಣ್ಣಿಗೇರಿ-1 ರುಚಿಗೆ ಚಲೋ, ಸಿಡಿಗೆ ಸೋಲುತ್ತದೆ. ಜೆಜಿ-11 ತಡೆದುಕೊಳ್ಳುತ್ತದೆ. ಅಣ್ಣಿಗೇರಿಗೇ ರೋಗ ತಡೆಯುವ ಗುಣ ಸೇರಿಸಿದ ಸೂಪರ್ ಅಣ್ಣಿಗೇರಿ-1 ಕೂಡ ಈಗ ಇದೆ. ಈ ಶಿಲೀಂಧ್ರ ಕಡಲೆ ಇಲ್ಲದೆಯೂ ಆರು ವರ್ಷದವರೆಗೆ ಮಣ್ಣಲ್ಲಿ ಬದುಕಿರಬಲ್ಲದು. ಒಂದು ಪ್ಯಾಕೆಟ್ ಬ್ಯಾಕ್ಟೀರಿಯಾದ ತಲೆಗೆ ಎಲ್ಲ ಹೊರೆ ಕಟ್ಟುವುದು ನ್ಯಾಯ ಅಲ್ಲ.

ಇನ್ನೊಂದು, ಹೋದ ವರ್ಷ ಬಂದದ್ದು ಸಿಡಿಯೇ ಅಂತ ಖಾತ್ರಿ ಮಾಡಿಕೊಂಡಿದ್ದೀರಾ? ಈ ಸಲ ಒಣಗಿದ ಗಿಡವನ್ನು ಹುಷಾರಾಗಿ ಅಗೆದು ತೆಗೆಯಿರಿ. ಬುಡದ ಹತ್ತಿರ ಬ್ಲೇಡಿನಿಂದ ಉದ್ದಕ್ಕೆ ಸೀಳಿ. ಒಳಗೆ ಕಂದು-ಕಪ್ಪು ಗೆರೆ ಮೇಲಕ್ಕೆ ಹೋಗಿದ್ದರೆ ಸಿಡಿ. ಗೆರೆ ಇಲ್ಲ, ತಾಯಿಬೇರು ಒಣಗಿದ ಕಡ್ಡಿಯಂತೆ ಲಟಕ್ಕನೆ ಮುರಿಯುತ್ತದೆ, ಪಕ್ಕದ ಬೇರುಗಳೆಲ್ಲ ಉದುರಿಹೋಗಿವೆ ಅಂದರೆ ಅದು ಒಣ ಬೇರು ಕೊಳೆ. ಅದರ ಶಿಲೀಂಧ್ರ ಬೇರೆ. ಹೂ-ಕಾಯಿ ಹೊತ್ತಿಗೆ ಬಿಸಿಲೇರಿ, ತೇವ ಆರಿದಾಗ ಅದು ಜೋರು. ತಿಳಿಯದಿದ್ದರೆ ಬೇರು ಸಮೇತ ಗಿಡವನ್ನು ಹಿಟ್ಟಿನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ.

ಮಗಳಿಗೆ ಒಂದು ಕೆಲಸ ಕೊಡುತ್ತೇನೆ. ಡ್ರಮ್ಮಿನ ತಳದಲ್ಲಿ ಏನಾದರೂ ಉಳಿದಿದ್ದರೆ ಒಂದು ಚಮಚ, ಹೊಸ ಪ್ಯಾಕೆಟ್ಟಿನಿಂದ ಒಂದು ಚಿಟಿಕೆ, ಎರಡನ್ನೂ ಕಾಲೇಜಿನ ಲ್ಯಾಬಿಗೆ ಒಯ್ಯಲಿ. ಸೂಡೊಮೊನಾಸ್ ಬೆಳೆಸುವ ಕಿಂಗ್ಸ್ ಬಿ ಎಂಬ ಮಾಧ್ಯಮದ ಮೇಲೆ ಹಚ್ಚಿ ಯುವಿ ದೀಪದಲ್ಲಿ ಹೊಳೆಯುವ ಕಾಲನಿಗಳನ್ನಷ್ಟೇ ಆರಿಸಿಕೊಳ್ಳಲಿ. ಅವನ್ನು ಕೆನೆ ತೆಗೆದ ಹಾಲಿನ ಪುಡಿ ಬೆರೆಸಿದ ಅಗರ್ ಮೇಲೆ ಚುಕ್ಕಿ ಚುಕ್ಕಿಯಾಗಿ ಇಡಲಿ. ಹಾಲನ್ನು ಕರಗಿಸುವ ಕಿಣ್ವವೂ ಅದೇ ಗ್ಯಾಕ್ ಸ್ವಿಚ್ಚಿನ ಕೈಯಲ್ಲಿದೆ. ಎರಡು ದಿನಕ್ಕೆ ದುಡಿಯುವವರ ಸುತ್ತ ಬಿಳಿ ಮಾಸಿ ಗಾಜಿನಂಥ ತಿಳಿ ವೃತ್ತ ಮೂಡುತ್ತದೆ. ಪ್ಯಾಕೆಟ್ಟಿನ ಕಾಲನಿಗಳಲ್ಲೇ ವೃತ್ತ ಬರದಿದ್ದರೆ ಆ ತಳಿಗೆ ಈ ಪರೀಕ್ಷೆ ಹೊಂದುವುದಿಲ್ಲ. ಅಲ್ಲಿ ಬಂದು ಡ್ರಮ್ಮಿನವುಗಳಲ್ಲಿ ಬರದಿದ್ದರೆ ಎಷ್ಟಕ್ಕೆ ಎಷ್ಟು ಅಂತ ಎಣಿಸಿ ನನಗೂ ಬರೆದು ತಿಳಿಸಲಿ.